ಆರೂವರೆ ಗೆರೆ

"ಚಿಕ್ಕವ್ವ, ಆ ಕ್ವಾಣೆ ಬೀಗದ ಕೈ ಕೊಡು ಅಂತ ಮೂರ್ ಸತಿ ಕೇಳ್ದೆ. ಇಂಗೆ ಮುಷ್ಟಿ ಬಿಗಿ ಇಡ್ಕೊಂಡು ಕುಂತ್ಕೊಂಡ್ರೆ ಎಂಗೆ?"

ಭಾವನ ಮಗ ಅಂಬರೀಶ್ ಬಗ್ಗಿ ಕಿವಿಯ ಹತ್ತಿರ ಕೇಳುತ್ತಿದ್ದರೆ, ಸಣ್ಣತಾಯಮ್ಮ ಕೇಳಿಸದವಳ ಹಾಗೆ ಗಾಜಿನ ಪೆಟ್ಟಿಗೆಯ ಮೇಲೆ ಕೂತ ಮಂಜನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು. ಪೆಟ್ಟಿಗೆಯೊಳಗೆ ಅವಳ ಗಂಡ ಮಹದೇವು ಮಲಗಿದ್ದ. ಮಂಡ್ಯದಿಂದ ಬಾಡಿಗೆಗೆ ತಂದ ತಣ್ಣನೆಯ ಪೆಟ್ಟಿಗೆ ಅದು, ನಿನ್ನೆ ಸಂಜೆಯಿಂದ ಗುಂಯ್ ಅನ್ನುತ್ತಲೇ ಇತ್ತು. ನಿನ್ನೆ ನಾಲ್ಕು ಗಂಟೆಗೆ ಜಗಲಿಯ ಮೇಲೆ ಕೂತು, ಕನ್ನಡಿ ನೋಡಿದರೂ ಕಾಣದಾಗಿದ್ದ ಕಾರಣ ಕೈಯಂದಾಜಿನ ಮೇಲೆ ದಾಡಿ ಮಾಡಿಕೊಳ್ಳುತ್ತಿದ್ದವನು ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದ. ಅಷ್ಟೆ. ಒಂದು ಕೆನ್ನೆಗೆ ಮಾತ್ರ ಬ್ಲೇಡು ಆಡಿತ್ತು. ಇನ್ನೊಂದನ್ನು ಆಮೇಲೆ ಯಾರೋ ಬೋಳಿಸಿದರು, ಅಷ್ಟೇನೂ ಚೆನ್ನಾಗಿ ಬೋಳಿಸಿರಲಿಲ್ಲ.

"ಗುಂಡಿ ತೋಡೋರು ಕೇಳ್ತಾವ್ರೆ ಚಿಕ್ಕವ್ವ. ದೊಡ್ಡಸಿದ್ದಯ್ಯ ಸೇರಿ ಆರ್ ಜನ. ಇವತ್ತು ಗಾಂಧಿ ಜಯಂತಿ, ಮಂಡ್ಯಕ್ಕೋದ್ರೂ ಒಂದ್ ಅಂಗ್ಡಿ ಬಾಗ್ಲು ತಗ್ದಿಲ್ಲ. ಚಿಕ್ಕಪ್ಪ ಮಾಡಿ ಮಡಗಿರೋ ದ್ರಾಕ್ಷಿ ವೈನು ಅದ್ಯಲ್ಲ, ಅದ್ನೇ ಒಂದೊಂದ್ ಲೋಟ ಕೊಟ್ರೆ ಆಯ್ತಪ್ಪ."

"ಬ್ಯಾಡ," ಅಂದಳು ಸಣ್ಣತಾಯಮ್ಮ.

ಅವರ ಕೇರಿಯಲ್ಲಿ ಗುಂಡಿ ತೋಡಿದವರಿಗೆ ಗಂಟಲು ತೇವ ಮಾಡದೆ ಕಳಿಸಿದ್ದು ಯಾರಿಗೂ ನೆನಪಿಲ್ಲ. ಎಂಥ ಬಡವನ ಮನೆಯಾದರೂ ಆವತ್ತು ಅಷ್ಟನ್ನು ಹೊಂದಿಸುತ್ತಾರೆ. ಬೇಡ ಅನ್ನುವ ಮಾತು ಜಗಲಿಯಿಂದ ಅಂಗಳಕ್ಕೆ, ಅಂಗಳದಿಂದ ಬೀದಿಯ ಪ್ಲಾಸ್ಟಿಕ್ ಕುರ್ಚಿಗಳವರೆಗೆ ಹೋಗಿ ಮುಟ್ಟಿತು. ಅಲ್ಲಿಂದ ಭಾವ ಚಿಕ್ಕಣ್ಣ ಎದ್ದು ಬಂದ.

ಎಪ್ಪತ್ತಾರು ದಾಟಿದ ಚಿಕ್ಕಣ್ಣನನ್ನು ಕಂಡರೆ ಅವರ ಊರು ಹೊಳಲಿನಲ್ಲಿ ಅಡುಗೆ ಭಟ್ಟರು ಬೆವರುತ್ತಿದ್ದರು. ಮದುವೆ ಮನೆಯ ಮೊದಲ ಪಂಕ್ತಿಯಲ್ಲಿ ಕೂತು, ಸಾರಿಗೆ ಉಪ್ಪು ಸಾಲದೆ ಹೋದರೆ ಎಲೆಯನ್ನು ಕೈಯಲ್ಲಿ ಎತ್ತಿಕೊಂಡು ಒಲೆಯ ಹತ್ತಿರ ಹೋಗಿ ತೋರಿಸುವ ಮನುಷ್ಯ. ಹೆತ್ತ ಮಗಳು ಕೊಟ್ಟ ಕಾಫಿಯನ್ನೇ "ಇದೇನವ್ವ ಕಲಗಚ್ಚು" ಅಂದು ಹಿತ್ತಲಿಗೆ ಚೆಲ್ಲಿದವನು. ಯಾರ ಮುಖ ನೋಡಿಯೂ ಒಂದು ಮಾತನ್ನು ಒಳಗೆ ನುಂಗಿಕೊಂಡವನಲ್ಲ. ತಮ್ಮ ತೀರಿಕೊಂಡು ಒಂದು ರಾತ್ರಿ ಕಳೆದಿದ್ದರೂ ಅವನ ಕಣ್ಣಲ್ಲಿ ಇನ್ನೂ ಒಂದು ಹನಿ ನೀರು ಬಂದಿರಲಿಲ್ಲ. ಅದನ್ನು ಹೆಂಗಸರು ಆಗಲೇ ಆಡಿಕೊಂಡೂ ಆಗಿತ್ತು.

"ಕೊಡವ್ವ ತಾಯಮ್ಮ," ಅಂದ ಚಿಕ್ಕಣ್ಣ. "ದೀಪಾವಳಿಗೆ ಊರ್ಗೆಲ್ಲ ಕುಡುಸ್ತೀನಿ, ಈ ಸಲದ್ದು ನೋಡಣ್ಣ ಅಂತ ಆರ್ ತಿಂಗ್ಳಿಂದ ಡಂಗೂರ ಒಡೀತಿದ್ದ. ದೀಪಾವಳಿಗೆ ಅವನಿಲ್ಲ. ಇವತ್ತೇ ಕುಡ್ದು ನೋಡೇಬುಡವ, ಅದೇನ್ ಮಾಡವ್ನೆ ಅಂತ."

ಸಣ್ಣತಾಯಮ್ಮನಿಗೆ ಭಯವಾಗಿದ್ದೇ ಇದಕ್ಕೆ. ಊರೆಲ್ಲ ಬೇಕಾದರೆ ಕುಡಿಯಲಿ, ಚಿಕ್ಕಣ್ಣ ಮಾತ್ರ ಇವತ್ತು ಅದನ್ನು ಬಾಯಿಗೆ ಹಾಕಬಾರದು.

"ಮಗ್ಳು ಬರ್ಲಿ ಭಾವ. ಶ್ವೇತ ಬೆಳಕವಾಡಿ ಬುಟ್ಟವ್ಳಂತೆ. ಅವ್ಳು ಬರೋಗಂಟ ನಾನ್ ಬೀಗ ತಗ್ಯಾಕಿಲ್ಲ," ಅಂದಳು.

*

ಮಹದೇವು ಮದ್ದೂರಿನ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಸಹಾಯಕನಾಗಿದ್ದ. ಗಾಣದಿಂದ ಬರುವ ಕಬ್ಬಿನ ಹಾಲು ಹುಳಿ. ಅದಕ್ಕೆ ಸುಣ್ಣದ ನೀರು ಬಿಟ್ಟು ಹುಳಿ ಇಳಿಸಬೇಕು. ಕಡಿಮೆಯಾದರೆ ಸಕ್ಕರೆ ಕೈತಪ್ಪುತ್ತದೆ, ಹೆಚ್ಚಾದರೆ ಕಪ್ಪಾಗುತ್ತದೆ. ಗಂಟೆಗೊಮ್ಮೆ ಹುಳಿ ಅಳೆದು ರಿಜಿಸ್ಟರಿನಲ್ಲಿ ಬರೆಯುವುದು ಅವನ ಕೆಲಸ. ಉಳಿದವರು ಒಂದು ಸಲ ನೋಡುತ್ತಿದ್ದರು, ಇವನು ಎರಡು ಸಲ. ಎರಡಕ್ಕೂ ವ್ಯತ್ಯಾಸ ಬಂದರೆ ಮೂರನೇ ಸಲ.

ಒಂದು ಸೀಸನ್ನಿನಲ್ಲಿ ಮೇಲಿನವರೊಬ್ಬರು, ಅಳತೆ ಮಾಡದೆಯೇ ಇಡೀ ಪಾಳಿಗೆ ಹದದ ಅಂಕಿ ಏಳು ಏಳು ಅಂತ ಬರೆದುಬಿಡು ಅಂದರಂತೆ. "ಬರದ್ರೆ ನೋಡಿ ಬರೀಬೇಕು ಸಾರ್, ನೋಡ್ದೆ ಬರಿಯಾಕೆ ನಾನೇನ್ ಪಂಚಾಂಗದವ್ನಾ?" ಅಂದ ಮಹದೇವು. ಆ ಮಾತಿಗೆ ಎರಡು ವರ್ಷ ಗೋಡೌನಿನಲ್ಲಿ ಮೂಟೆ ಎಣಿಸಿದ. ಬಡ್ತಿ ಕೈಬಿಟ್ಟು ಹೋಯಿತು. ಮನೆಯಲ್ಲಿ ಸಣ್ಣತಾಯಮ್ಮ ಒಂದು ವಾರ ಮುನಿಸಿಕೊಂಡು ಮಾತು ಬಿಟ್ಟಳು. ಆದರೆ ಒಳಗೊಳಗೇ ಅವಳಿಗೆ ಗಂಡನ ಮೇಲೆ ಎಂಥದೋ ಹೆಮ್ಮೆ ಹುಟ್ಟಿಕೊಂಡಿತ್ತು, ಅದನ್ನು ಅವಳು ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ.

ವೈನಿನ ಹುಚ್ಚು ಹತ್ತಿದ್ದು ಬ್ಲಫ್ ಅಂತ ಕರೆಯುವ ಊರಿನಲ್ಲಿ. ಯಾವುದೋ ಕೆಲಸದ ಮೇಲೆ ಶಿವನಸಮುದ್ರದ ವಿದ್ಯುತ್ ಕೇಂದ್ರಕ್ಕೆ ಹೋಗಿದ್ದಾಗ, ಅಲ್ಲಿನ ಕ್ವಾರ್ಟರ್ಸಿನ ಒಂದು ಕ್ರಿಶ್ಚಿಯನ್ ಮನೆಯಲ್ಲಿ ಕ್ರಿಸ್ಮಸ್ಸಿನ ವೈನನ್ನು ಸಣ್ಣ ಗ್ಲಾಸಿನಲ್ಲಿ ಕೊಟ್ಟರಂತೆ. ಮಹದೇವುಗೆ ಕುಡಿತದ ಮೇಲೆ ಆಸೆ ಇರಲಿಲ್ಲ. ಒಂದು ಗ್ಲಾಸನ್ನು ಒಂದು ಗಂಟೆ ಕುಡಿಯುವ ಗಿರಾಕಿ. ಹಣ್ಣಿನ ಹುಳಿ ಅಷ್ಟು ಹದವಾಗಿ ನಾಲಿಗೆಯ ಮೇಲೆ ಕೂತದ್ದು ಹೇಗೆ ಅನ್ನುವುದೇ ಅವನ ತಲೆ ಕೆಡಿಸಿತು. ಅವರ ಹಿತ್ತಲಿನ ಬಳ್ಳಿಯ ಒಂದು ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಬಂದ.

ಬಳ್ಳಿ ಚಪ್ಪರವಾಯಿತು. ಬಿಳಿ ದ್ರಾಕ್ಷಿ. ಹಣ್ಣಾಗುವ ತನಕ ಕಾದರೆ ಗಿಳಿ, ಗೊರವಂಕಗಳ ಪಾಲು, ಮೊದಲೇ ಕಿತ್ತರೆ ಹಲ್ಲು ಜುಂ ಅನ್ನುವ ಹುಳಿ. ಮೊದಲ ವರ್ಷದ ವೈನು ಅಷ್ಟು ಹುಳಿಯಾದಾಗ ಮಹದೇವು ತನಗೆ ಗೊತ್ತಿದ್ದ ಮದ್ದನ್ನೇ ಮಾಡಿದ. ಕಾರ್ಖಾನೆಯಲ್ಲಿ ಕಬ್ಬಿನ ಹಾಲಿಗೆ ಬಿಡುವ ಹಾಗೆ ಸುಣ್ಣದ ನೀರನ್ನು ಜಾಡಿಗೆ ಬಿಟ್ಟ! ಅಳೆದೇ ಬಿಟ್ಟಿದ್ದ. ಆದರೆ ದ್ರಾಕ್ಷಿ ಕಬ್ಬಲ್ಲವಲ್ಲ, ವೈನು ಮಜ್ಜಿಗೆಯ ಹಾಗೆ ಬೆಳ್ಳಗಾಯಿತು. ರುಚಿ ಸೋಪಿನ ನೀರು. ಆವತ್ತು ನೆಂಟರೆಲ್ಲ ಸೇರಿದ್ದರು. ಚಿಕ್ಕಣ್ಣ ಒಂದು ಗುಟುಕು ಕುಡಿದು, ಅಂಗಳಕ್ಕೆ ಪಿಚಕ್ಕನೆ ಉಗಿದು, ಲೋಟವನ್ನು ಎತ್ತಿ ಹಿಡಿದು ಹೇಳಿದ:

"ಲೇ ಮಾದೇವು, ಇದ್ನ ಕುಡಿಯೋಕಿಂತ ಗ್ವಾಡೆಗೆ ಬಳ್ದುಬುಡ್ಲಾ. ಈ ಸಲದ ಹಬ್ಬಕ್ಕೆ ಸುಣ್ಣ ತರೋದು ತಪ್ತದೆ."

ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆವತ್ತಿನಿಂದ ಅವನು ಸುಣ್ಣದ ಮಾದೇವು. ಎದುರಿಗೆ ಕರೆದವರೂ ಉಂಟು. ಇಪ್ಪತ್ತೆರಡು ವರ್ಷ ಆ ಹೆಸರು ಹೋಗಲಿಲ್ಲ. ಮಹದೇವು ನಕ್ಕು ಸುಮ್ಮನಾಗುತ್ತಿದ್ದ, ಆದರೆ ರಾತ್ರಿ ಊಟಕ್ಕೆ ಕೂತಾಗ ಎರಡು ತುತ್ತು ಕಡಿಮೆ ತಿನ್ನುತ್ತಿದ್ದ. ಸಣ್ಣತಾಯಮ್ಮನಿಗೆ ಮಾತ್ರ ಗೊತ್ತಿದ್ದ ಸಂಗತಿ ಅದು.

ಕಾರ್ಖಾನೆಯ ಫಿಟ್ಟರ್ ನಿಜಾಮುದ್ದೀನ್, ಗುಜರಿಗೆ ಹಾಕಿದ್ದ ಒಂದು ಬ್ಯುರೆಟ್ಟನ್ನು ಕೇಳಿ ತಂದುಕೊಟ್ಟ. ಅದೊಂದು ಉದ್ದನೆಯ ಗಾಜಿನ ಕೊಳವೆ, ಮೈತುಂಬ ಗೆರೆ, ಕೆಳಗೊಂದು ತಿರುಪು. ಲೋಟದಲ್ಲಿ ಅಳತೆಯಷ್ಟು ವೈನು, ಅದಕ್ಕೆ ನೀರು, ಎರಡು ಹನಿ ಬಣ್ಣದ ಔಷಧಿ. ಕೊಳವೆಯ ತುಂಬ ಹುಳಿ ಕೊಲ್ಲುವ ಕಾಸ್ಟಿಕ್ ಸೋಡಾದ ನೀರು. ತಿರುಪು ಸಡಿಲಿಸಿ ಹನಿಹನಿಯಾಗಿ ಬಿಡುತ್ತ ಹೋಗಬೇಕು. ವೈನಿನ ಹುಳಿ ಸಾಯುವ ತನಕ ಲೋಟದ ನೀರಿಗೆ ಬಣ್ಣ ಬರುವುದಿಲ್ಲ. ಸತ್ತ ಗಳಿಗೆಯಲ್ಲಿ ತೆಳ್ಳನೆಯ ಗುಲಾಬಿ ಬಣ್ಣ ಬಂದು ನಿಲ್ಲುತ್ತದೆ. ಕೊಳವೆಯಲ್ಲಿ ಎಷ್ಟು ಗೆರೆ ಇಳಿದಿದೆಯೋ ಅಷ್ಟು ಹುಳಿ. ಕಾಸ್ಟಿಕ್ ನೀರನ್ನು ಹಾಗೆ ಲೆಕ್ಕಕ್ಕೆ ಸರಿಯಾಗಿ ಕಲಸಿ ಇಟ್ಟಿರುತ್ತಿದ್ದ. ಆರರಿಂದ ಏಳು ಗೆರೆ ಹದ. ಅದಕ್ಕಿಂತ ಕಡಿಮೆಯಾದರೆ ಚೂರು ಹುಣಸೆಹಣ್ಣಿನ ರಸ. ದ್ರಾಕ್ಷಿಯಲ್ಲಿರುವ ಹುಳಿಯೂ ಹುಣಸೆಯಲ್ಲಿರುವ ಹುಳಿಯೂ ಒಂದೇ ಅಂತ ಅವನು ಎಲ್ಲರಿಗೂ ಹೇಳುತ್ತಿದ್ದ, ಯಾರೂ ನಂಬುತ್ತಿರಲಿಲ್ಲ. ಹೆಚ್ಚಿದ್ದರೆ ಮೈಸೂರಿನಿಂದ ತರಿಸಿದ ಬಿಳಿ ಪುಡಿ ಹಾಕಿ, ಕಲಕಿ, ಮಡ್ಡಿ ಕೂತ ಮೇಲೆ ಜಾಡಿಯಿಂದ ಜಾಡಿಗೆ ಬಗ್ಗಿಸಿ, ಮತ್ತೆ ಅಳೆದು. ನಾಲ್ಕೈದು ದಿನದ ಒದ್ದಾಟ.

ಅಷ್ಟೆಲ್ಲ ಮಾಡಿದರೂ ವೈನು ಒಂದು ವರ್ಷ ಸಪ್ಪೆ, ಒಂದು ವರ್ಷ ಒಗರು. ತಾನು ಮೆಚ್ಚುವ ತನಕ ಊರಿಗೆ ಕೊಡುವುದಿಲ್ಲ ಅಂತ ಹಟ ಹಿಡಿದಿದ್ದ ಮನುಷ್ಯ, ಇಪ್ಪತ್ತೆರಡು ವರ್ಷದಲ್ಲಿ ಒಂದು ಬಾಟಲಿಯನ್ನೂ ಅಣ್ಣನ ಮನೆಗೆ ಕಳಿಸಲಿಲ್ಲ.

*

ಶ್ವೇತ ಬಂದು ಪೆಟ್ಟಿಗೆಯ ಮೇಲೆ ಬಿದ್ದು ಅತ್ತಳು. ತಾಯಿ ಮಗಳು ಒಬ್ಬರನ್ನೊಬ್ಬರು ಹಿಡಿದುಕೊಂಡರು. ಅದೇ ಹೊತ್ತಿಗೆ ನಿಜಾಮುದ್ದೀನನೂ ಮದ್ದೂರಿನಿಂದ ಸ್ಕೂಟರಿನಲ್ಲಿ ಬಂದಿಳಿದ. ಕಾರ್ಖಾನೆ ಬಿಟ್ಟ ಮೇಲೆ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದ. ಕೈಗೆ ಹತ್ತಿದ್ದ ಎಣ್ಣೆಯನ್ನು ಪೂರ್ತಿ ತೊಳೆದುಕೊಳ್ಳದೆಯೇ ಓಡಿ ಬಂದಿದ್ದ. ಪೆಟ್ಟಿಗೆಯ ಮುಂದೆ ಹೋಗಿ ನಿಂತುಕೊಂಡ.

ಅಳು ಒಂದು ಹದಕ್ಕೆ ಬಂದ ಮೇಲೆ ಸಣ್ಣತಾಯಮ್ಮ ಇಬ್ಬರನ್ನೂ ಹಿತ್ತಲ ಕೋಣೆಗೆ ಕರೆದುಕೊಂಡು ಹೋಗಿ, ಮುಷ್ಟಿ ಬಿಚ್ಚಿ, ಬೀಗ ತೆಗೆದು, ಒಳಗಿನಿಂದ ಅಗಣಿ ಹಾಕಿದಳು. ಎರಡು ಗಾಜಿನ ಜಾಡಿಗಳು ಗೋಣಿಚೀಲದ ಮೇಲೆ ಕೂತಿದ್ದವು. ಒಳಗಿನ ವೈನು ತಿಳಿಯಾಗಿ, ಎಳ್ಳೆಣ್ಣೆಯ ಬಣ್ಣದಲ್ಲಿ, ನೋಡಲು ಬಲು ಚಂದವಾಗಿತ್ತು.

"ನಿಜಾಮಣ್ಣ, ಇದ್ನ ಒಂದ್ ಸಲ ಅಳ್ದು ನೋಡ್ಬೇಕು," ಅಂದಳು.

"ಈಗ್ಲಾ? ಯಾಕಕ್ಕ? ಅಣ್ಣ ಅಳ್ದು ಮಡಗವ್ನಲ್ಲ. ಆರೂವರೆ."

"ಆರೂವರೆ ಅಲ್ಲ ಕಣಣ್ಣ." ಅವಳು ಜಾಡಿಯ ಮುಚ್ಚಳವನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಹೇಳಿದಳು. "ನಾನ್ ಸುಳ್ ಏಳ್ದೆ."

*

ಏಪ್ರಿಲ್ಲಿನಲ್ಲಿ ನಡೆದದ್ದು. ಅದಕ್ಕೆ ಎರಡು ವರ್ಷ ಮೊದಲೇ ಸಕ್ಕರೆ ಕಾಯಿಲೆ ಮಹದೇವುವಿನ ಕಣ್ಣಿಗಿಳಿದಿತ್ತು. ಮನುಷ್ಯರು ಆಕಾರ ಮಾತ್ರ ಕಾಣುತ್ತಿದ್ದರು, ಬಣ್ಣವಂತೂ ಇಲ್ಲವೇ ಇಲ್ಲ. ತಿರುಪು ಅವನ ಕೈಯಲ್ಲಿ, ಕಣ್ಣು ಸಣ್ಣತಾಯಮ್ಮನದು. ಅವನು ಹನಿ ಬಿಡುತ್ತ ಹೋಗುವುದು, ಗುಲಾಬಿ ಬಂದು ನಿಂತ ಕೂಡಲೇ ಅವಳು "ಬಂತು" ಅನ್ನುವುದು, ಆಮೇಲೆ ಅವಳೇ ಗೆರೆ ಓದುವುದು. ಆ ಕೆಲಸ ಅವಳಿಗೆ ಇಷ್ಟವಾಗಿತ್ತು. ಮದುವೆಯಾಗಿ ನಲವತ್ತು ವರ್ಷಕ್ಕೆ ಗಂಡ ಹೆಂಡತಿ ಒಂದೇ ಲೋಟದ ಮೇಲೆ ಇಷ್ಟು ಹೊತ್ತು ಬಗ್ಗಿ ಕೂತದ್ದು ಅದೇ ಮೊದಲು.

ಹಿಂದಿನ ವರ್ಷ ಹತ್ತು ಗೆರೆ ಬಂದಿತ್ತು. ಪುಡಿ ಹಾಕಿ, ತುಂಬಿದ ಜಾಡಿ ಎತ್ತುವಾಗ ಮಹದೇವು ಕುಸಿದು ಬಿದ್ದ. ಜಾಡಿ ಒಡೆಯಿತು. ಮಂಡ್ಯದ ಆಸ್ಪತ್ರೆಯಲ್ಲಿ ಎದೆಗೆ ಸ್ಟೆಂಟು ಹಾಕಿ, ಇನ್ನು ಒಂದು ಕೊಡ ನೀರು ಎತ್ತಿದರೂ ಹುಷಾರು ಅಂತ ಕಳಿಸಿದರು. ಈ ವರ್ಷ ಹಕ್ಕಿ ಕಾಟಕ್ಕೆ ದ್ರಾಕ್ಷಿಯನ್ನು ಇನ್ನೂ ಬೇಗ ಕಿತ್ತಿದ್ದರು. ಒಂದು ಹಣ್ಣು ಬಾಯಿಗೆ ಹಾಕಿಕೊಂಡಾಗಲೇ ಸಣ್ಣತಾಯಮ್ಮನಿಗೆ ಗೊತ್ತಾಗಿತ್ತು, ಕೊಳವೆ ಹತ್ತರ ಹತ್ತಿರಕ್ಕೆ ಇಳಿಯುತ್ತದೆ ಅಂತ. ಆಮೇಲೆ ಪುಡಿ, ಆಮೇಲೆ ಜಾಡಿ ಎತ್ತುವುದು. ಬೇರೆಯವರ ಕೈಗೆ ಕೊಡಿ ಅಂದರೆ ಕೇಳುವ ಗಂಡಸಲ್ಲ.

ಹನಿ ಬೀಳುತ್ತಿತ್ತು. ಐದು ಗೆರೆ. ಆರು. ಲೋಟದ ನೀರು ಬಣ್ಣವಿಲ್ಲದೆ ಹಾಗೇ ಇತ್ತು. ಮಹದೇವು ಕಣ್ಣು ಕಿರಿದು ಮಾಡಿಕೊಂಡು ಕಾಣದ ಲೋಟವನ್ನು ನೋಡುತ್ತಿದ್ದ. ಅವನ ಕುತ್ತಿಗೆಯ ನರ ಮಿಡಿಯುವುದು ಅವಳಿಗೆ ಕಾಣುತ್ತಿತ್ತು.

"ಬಂತು," ಅಂದಳು.

"ಬಂತಾ? ದಿಟವಾಗ್ಲೂ?"

"ಬಂತು ಅಂದ್ನಲ್ಲ. ಆರೂವರೆ."

ಬಣ್ಣ ನಿಲ್ಲುತ್ತದೋ ಇಲ್ಲವೋ ಅಂತ ಯಾವಾಗಲೂ ಲೋಟವನ್ನು ಸ್ವಲ್ಪ ಹೊತ್ತು ಇಟ್ಟು ನೋಡುತ್ತಿದ್ದರು. ಆವತ್ತು ಅವಳು ಲೋಟ ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದಳು. ಹಿಂದಿರುಗಿ ಬಂದರೆ ಮಹದೇವು ತಿರುಪನ್ನು ಹಿಡಿದುಕೊಂಡೇ ಕೂತು ಚಿಕ್ಕ ಮಗುವಿನ ಹಾಗೆ ನಗುತ್ತಿದ್ದ. "ಪುಡೀನೂ ಬ್ಯಾಡ, ಏನೂ ಬ್ಯಾಡ ಕಣೆ ತಾಯಮ್ಮ! ಬಳ್ಳೀನೇ ಕಲ್ತ್ಕೊಂಡದೆ. ಈ ದೀಪಾವಳಿಗೆ ಅಣ್ಣಂಗೆ ಮೊದ್ಲ ಲೋಟ, ಅಲ್ಲೀಗಂಟ ನಾನೂ ನಾಲ್ಗೆಗೆ ಇಡಾಕಿಲ್ಲ," ಅಂದ. ಆಗಲೇ ಹೇಳಿಬಿಡಬಹುದಿತ್ತು. ನಾಳೆ ಹೇಳೋಣ ಅಂದುಕೊಂಡಳು. ಸಂಜೆಯ ಹೊತ್ತಿಗೆ ಅವನು ಅರ್ಧ ಊರಿಗೆ ಫೋನು ಮಾಡಿ ಆಗಿತ್ತು.

*

ಕೋಣೆಯಲ್ಲಿ ನಿಜಾಮುದ್ದೀನ್ ಕೊಳವೆಗೆ ಕಾಸ್ಟಿಕ್ ನೀರು ತುಂಬಿಸಿದ. ಶ್ವೇತ ಲೋಟ ಹಿಡಿದುಕೊಂಡಳು. ಹೊರಗೆ ತಮಟೆಯವರು ಬಂದು, ಚರ್ಮ ಕಾಯಿಸಲು ಹುಲ್ಲು ಕೇಳುತ್ತಿದ್ದರು.

"ನಂಗೂ ಫೋನ್ ಮಾಡಿದ್ನಕ್ಕ," ಅಂದ ನಿಜಾಮುದ್ದೀನ್, ತಿರುಪಿನ ಮೇಲೆ ಕಣ್ಣಿಟ್ಟು. "ಆರೂವರೆ ಅಂದ. ನಂಬಿಕೆ ಆಗ್ಲಿಲ್ಲ. ಎರಡ್ನೇ ಸಲ ನೋಡ್ದ್ಯೇನಣ್ಣ ಅಂದೆ. ಅಲ್ಲಿ ಕಾರ್ಖಾನೇಲಿ ಎರಡ್ ಸಲ ನೋಡ್ದೆ ಪೆನ್ನೇ ಮುಟ್ತಿರ್ಲಿಲ್ವಲ್ಲ. ಅದಕ್ಕವನು, ಎರಡ್ನೇ ಸಲ ಯಾಕಯ್ಯ, ಬಂತು ಅಂದೋಳು ನಿಮ್ಮಕ್ಕ ಅಂದ."

ಸಣ್ಣತಾಯಮ್ಮ ಗೋಡೆಗೆ ಒರಗಿದಳು. ಮೂವತ್ತೊಂದು ವರ್ಷ ತನ್ನ ಕಣ್ಣನ್ನೇ ನಂಬದೆ ಎರಡೆರಡು ಸಲ ನೋಡಿದವನು ಅವಳ ಮಾತನ್ನು ಮಾತ್ರ ಒಂದೇ ಸಲಕ್ಕೆ ನಂಬಿದ್ದ.

"ಅವ್ವ, ನೋಡು," ಅಂದಳು ಶ್ವೇತ.

ಆರು ಗೆರೆ. ಆರೂವರೆ. ಬಣ್ಣವಿಲ್ಲ. ಬಾರಪ್ಪ, ಈಗಲಾದರೂ ಬಾ ಅಂತ ಸಣ್ಣತಾಯಮ್ಮ ಒಳಗೇ ಬೇಡಿಕೊಂಡಳು. ತನ್ನ ಸುಳ್ಳು ಹೇಗಾದರೂ ನಿಜವಾಗಿಬಿಡಲಿ ಅಂತ ಆ ಕ್ಷಣಕ್ಕೆ ಮೂರೂ ಜನಕ್ಕೆ ಆಸೆಯಿತ್ತು. ಏಳು. ಎಂಟು. ಎಂಟೂವರೆಗೆ ಒಂದು ಹನಿ ಬಿದ್ದ ಜಾಗದಲ್ಲಿ ಗುಲಾಬಿ ಮೂಡಿ, ಲೋಟ ಅಲುಗಿಸಿದ ಕೂಡಲೇ ಕರಗಿ ಹೋಯಿತು. ಒಂಬತ್ತು. ಒಂಬತ್ತು ಮುಕ್ಕಾಲಿಗೆ ಬಣ್ಣ ಬಂದು ನಿಂತಿತು.

ಶ್ವೇತ ಜಾಡಿಯಿಂದ ಒಂದು ಚಮಚ ತೆಗೆದು ನಾಲಿಗೆಗೆ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಅವಳ ಮುಖವೆಲ್ಲ ಮುದುಡಿಕೊಂಡಿತು.

"ದೊಡ್ಡಪ್ಪ ಇದ್ನ ಕುಡುದ್ರೆ ಸುಮ್ನಿರ್ತಾನ? ಮಣ್ ಮುಚ್ಚೋ ಮುಂಚೆನೇ ಏನಾರ ಅಂದ್ಬುಡ್ತಾನೆ. ಚೆಲ್ಬುಡವ ಅವ್ವ. ಜಾಡಿ ಒಡ್ದೋಯ್ತು ಅಂದ್ರಾಯ್ತು."

"ಪುಡಿ ಆಕುದ್ರೆ ನಾಕ್ ದಿನ ಬೇಕು," ಅಂದ ನಿಜಾಮುದ್ದೀನ್. "ಸಕ್ರೆ ಕಲ್ಸುದ್ರೆ ಮಾತ್ರ ಉಳಿ ಒಸಿ ಮುಚ್ಕತದೆ. ಅಳತೆ ಅಂಗೇ ಇರ್ತದೆ, ನಾಲ್ಗೆಗೆ ತಿಳಿಯಾಕಿಲ್ಲ."

ಶ್ವೇತ ಸಕ್ಕರೆ ಡಬ್ಬಿ ತರಲು ಅಗಣಿಗೆ ಕೈ ಹಾಕಿದಳು. ಸಣ್ಣತಾಯಮ್ಮ ಅವಳ ಕೈ ಹಿಡಿದಳು.

"ಬ್ಯಾಡ ಮಗ. ಒಂದ್ ಸುಳ್ಳಿಗೇ ಸಾಕಾಗೋಗದೆ. ಇದ್ದಂಗೇ ಕೊಡವ. ಅವ್ರು ತಪ್ಪು ಬರೀಲಿಲ್ಲ, ತಪ್ಪು ಏಳ್ದೋಳು ನಾನು ಅಂತ ಅಲ್ಲೇ ಎಲ್ಲಾರ್ ಮುಂದೂ ಏಳ್ತೀನಿ. ಸುಣ್ಣದ ಮಾದೇವು ಅಂತ ಅವ್ರ್ನ ಮಣ್ಗೆ ಕಳ್ಸಾಕಿಲ್ಲ ನಾನು."

ಬಾಗಿಲು ತೆಗೆದು ಹೊರಗೆ ಬಂದು, ಅಂಗಳದಲ್ಲಿ ಕಾಯುತ್ತಿದ್ದ ಚಿಕ್ಕಣ್ಣನಿಗೂ ದೊಡ್ಡಸಿದ್ದಯ್ಯನಿಗೂ ಹೇಳಿದಳು: "ಮಣ್ಣಾದ್ ಮ್ಯಾಲೆ ಗದ್ದೇಲೇ ಕೊಡ್ತೀನಿ. ನನ್ ಕೈಯಾರೆ ಕೊಡ್ತೀನಿ." ಹೀಗೆ ಹೆಂಗಸು ನಿಂತು ಕೊಡುವುದು ಕೇರಿಯಲ್ಲಿ ನಡೆದದ್ದಲ್ಲ. ದೊಡ್ಡಸಿದ್ದಯ್ಯ ತಲೆ ಕೆರೆದುಕೊಂಡ. ಅವಳ ಮುಖ ನೋಡಿ, ಆಗಲವ್ವ ಅಂದು ಹಾರೆ ಎತ್ತಿಕೊಂಡು ಹೊರಟ.

*

ಗದ್ದೆ ನಾಲೆಯ ಏರಿಯ ಕೆಳಗಿತ್ತು. ಕಬ್ಬು ಎದೆಯುದ್ದ ಬಂದಿತ್ತು. ಮಹದೇವುವಿನ ತಂದೆತಾಯಿಯ ಸಮಾಧಿಯ ಪಕ್ಕದಲ್ಲಿ ಗುಂಡಿ ತೋಡಿದ್ದರು, ಕೆಂಪು ಮಣ್ಣು ಎರಡೂ ಬದಿಗೆ ಗುಡ್ಡೆ ಬಿದ್ದಿತ್ತು. ತಮಟೆ ನಿಂತಿತು. ಬಂದವರೆಲ್ಲ ಒಬ್ಬೊಬ್ಬರಾಗಿ ಮಹದೇವುವಿನ ಬಾಯಿಗೆ ನಾಲ್ಕು ಕಾಳು ಅಕ್ಕಿ ಹಾಕಿದರು. ಚಿಕ್ಕಣ್ಣ ಅಕ್ಕಿ ಹಾಕಿ, ತಮ್ಮನ ಸರಿಯಾಗಿ ಬೋಳಿಸದ ಕೆನ್ನೆಯನ್ನು ಹೆಬ್ಬೆರಳಿನಿಂದ ಒಂದು ಸಲ ಸವರಿ ನೋಡಿ, "ಯಾವ ಬಡ್ಡೈದ ಇದ್ನ ಕೆರ್ದಿದ್ದು?" ಅಂದ.

ಇಳಿಸಿದರು. ಸಣ್ಣತಾಯಮ್ಮ ಮೂರು ಹಿಡಿ ಮಣ್ಣು ಹಾಕಿದಳು. ನಿಜಾಮುದ್ದೀನನೂ ಟೋಪಿ ಸರಿಮಾಡಿಕೊಂಡು ಮೂರು ಹಿಡಿ ಹಾಕಿದ. ಆಮೇಲೆ ಹುಡುಗರು ಗುದ್ದಲಿಯಿಂದ ಎಳೆದರು. ಮಣ್ಣು ಗುಪ್ಪೆಯಾಗುವ ತನಕ ಅವಳು ಅಲ್ಲಿಂದ ಕದಲಲಿಲ್ಲ. ಹೆಂಗಸರು, ಬಾರವ್ವ ಮನೆಗೆ ಹೋಗವ ಅಂತ ರಟ್ಟೆ ಹಿಡಿದು ಎಳೆದರೂ ಬರಲಿಲ್ಲ.

ಹೊಂಗೆ ಮರದ ಕೆಳಗೆ ಅಂಬರೀಶ್ ವೈನು ತುಂಬಿದ ಸ್ಟೀಲಿನ ಬಿಂದಿಗೆ ಇಳಿಸಿದ. ಶ್ವೇತ ಪೇಪರ್ ಲೋಟಗಳನ್ನು ಬಿಡಿಸಿಕೊಟ್ಟಳು. ಗುಂಡಿ ತೋಡಿದವರು, ಹೊತ್ತವರು, ನೆಂಟರು, ಇಪ್ಪತ್ತೈದು ಮೂವತ್ತು ಜನ ಸುತ್ತ ನಿಂತರು. ಹಿರಿಯ ಅಂತ ಚಿಕ್ಕಣ್ಣನನ್ನು ಮುಂದೆ ಬಿಟ್ಟರು. ಸುಣ್ಣದ ಕತೆ ಗೊತ್ತಿಲ್ಲದವರು ಆ ಗುಂಪಿನಲ್ಲಿ ಯಾರೂ ಇರಲಿಲ್ಲ. ಹಿಂದೆ ನಿಂತಿದ್ದ ಇಬ್ಬರು ಆಗಲೇ ತುಟಿ ಕಚ್ಚಿಕೊಂಡಿದ್ದರು.

"ಭಾವ," ಅಂದಳು ಸಣ್ಣತಾಯಮ್ಮ. ಬಿಂದಿಗೆಯ ಬಾಯಿಗೆ ಅಂಗೈ ಮುಚ್ಚಿ ಹಿಡಿದಳು. "ಕುಡ್ಯೋಕ್ ಮುಂಚೆ ನಾನೊಂದ್ ಮಾತ್ ಏಳ್ಬೇಕು. ಇದ್ರಲ್ಲಿ ಅವ್ರ್ ತಪ್ಪಿಲ್ಲ..."

"ಮೊದ್ಲು ಬಗ್ಗುಸವ್ವ. ಮಾತು ಆಮ್ಯಾಕೆ."

ಬಗ್ಗಿಸಿದಳು. ಚಿಕ್ಕಣ್ಣ ಒಂದು ಗುಟುಕು ಬಾಯಿಗೆ ಹಾಕಿಕೊಂಡ.

ದವಡೆ ಬಿಗಿದುಕೊಂಡದ್ದು ಅವಳಿಗೆ ಕಂಡಿತು. ಕತ್ತಿನ ನರಗಳು ಹಗ್ಗದ ಹಾಗೆ ಎದ್ದು ನಿಂತವು. ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಎಲ್ಲಿಗೆ ಉಗಿಯುತ್ತಾನೋ ಅಂತ ಹತ್ತಿರ ನಿಂತವನೊಬ್ಬ ಕಾಲು ಹಿಂದಕ್ಕೆ ತೆಗೆದುಕೊಂಡ. ಚಿಕ್ಕಣ್ಣ ಒಂದು ಸಲ ಹಸಿ ಮಣ್ಣಿನ ಗುಪ್ಪೆಯ ಕಡೆ ನೋಡಿದ. ಆಮೇಲೆ ನುಂಗಿದ. ಲೋಟದಲ್ಲಿ ಉಳಿದದ್ದನ್ನೂ ಎತ್ತಿ ಒಂದೇ ಸಲಕ್ಕೆ ಗಂಟಲಿಗೆ ಸುರಿದುಕೊಂಡ.

"ಸರ್ಯಾಗದೆ," ಅಂದ. ದನಿ ಕರಕರ ಅಂದಿತು. ಇನ್ನೊಂದು ಸಲ, ಎಲ್ಲರಿಗೂ ಕೇಳುವ ಹಾಗೆ ಅಂದ: "ಉಳಿ ಸರ್ಯಾಗದೆ. ಕೊನೇಗೂ ಗೆದ್ದ ನನ್ ಮಗ."

ತುಟಿ ಕಚ್ಚಿಕೊಂಡಿದ್ದವರು ಬಾಯಿ ಬಿಟ್ಟು ನೋಡಿದರು. ದೊಡ್ಡಸಿದ್ದಯ್ಯ ಲೋಟ ಒಡ್ಡಿದ, ಕುಡಿದ, ಕೆಮ್ಮಿದ, ಮೂಗು ಒರೆಸಿಕೊಂಡ. "ಊಂ ಕಣವ್ವ. ಬಾಳ ಅದ್ವಾಗ್ ಬಂದದೆ," ಅಂದ. ಅಂಬರೀಶ್ ಕುಡಿದು ತಲೆ ಬಗ್ಗಿಸಿ, "ಚೆಂದಾಗದೆ ಚಿಕ್ಕವ್ವ" ಅಂದ. ಇನ್ನೊಬ್ಬ ಬಂದ, ಮತ್ತೊಬ್ಬ ಬಂದ. ಉಪ್ಪು ಕಡಿಮೆಯಾದರೆ ಮದುವೆ ಮನೆಯಲ್ಲೇ ಜಗಳಕ್ಕೆ ನಿಲ್ಲುವ ಜನ ಒಬ್ಬೊಬ್ಬರಾಗಿ ಬಂದು, ಹಲ್ಲು ಜುಮ್ಮೆನ್ನುವ ಹುಳಿಯನ್ನು ಮುಖ ಮುರಿಯದೆ ಕುಡಿದು, ಸರಿಯಾಗಿದೆ ಸರಿಯಾಗಿದೆ ಅಂತ ಹೇಳಿ ಪಕ್ಕಕ್ಕೆ ಸರಿದರು.

"ಭಾವ, ನಾನ್ ಏಳ್ಬೇಕಿತ್ತು..." ಅಂದಳು ಸಣ್ಣತಾಯಮ್ಮ. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಏನೂ ಏಳ್ಬ್ಯಾಡ. ಅವ್ರಿಗ್ ಬಗ್ಗುಸು," ಅಂದು ಚಿಕ್ಕಣ್ಣ, ಕೈ ತೊಳೆದು ಬರುತ್ತೇನೆ ಅಂತ ನಾಲೆಯ ಕಡೆ ನಡೆದ.

ಕಬ್ಬಿನ ಸಾಲು ಮುಗಿಯುವಲ್ಲಿ ನಾಲೆಯ ಮೆಟ್ಟಿಲು ಅವಳಿಗೆ ಕಾಣುತ್ತಿತ್ತು. ಮುದುಕ ಕೆಳಗಿನ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು, ಬೊಗಸೆಯಲ್ಲಿ ನೀರೆತ್ತಿ ಬಾಯಿ ಮುಕ್ಕಳಿಸಿ ಉಗಿದ. ಇನ್ನೊಂದು ಸಲ. ಮತ್ತೂ ಒಂದು ಸಲ. ಆಮೇಲೂ ಏಳಲಿಲ್ಲ. ಬೆನ್ನು ಅಲುಗುತ್ತಿತ್ತು. ಕೆಮ್ಮುತ್ತಿದ್ದಾನೆ ಅಂದುಕೊಂಡಳು. ಅವನು ಟವೆಲ್ಲನ್ನು ಎರಡೂ ಕೈಯಲ್ಲಿ ಮುಖಕ್ಕೆ ಒತ್ತಿಕೊಂಡಾಗ, ಅದು ಕೆಮ್ಮಲ್ಲ ಅಂತ ತಿಳಿಯಿತು.

ಬಿಂದಿಗೆ ಅರ್ಧಕ್ಕೆ ಬರುವ ಹೊತ್ತಿಗೆ ಅವನು ಹಿಂದಿರುಗಿದ. ಕಣ್ಣು ಕೆಂಪಗಾಗಿತ್ತು. ನೇರ ಮುಂದಕ್ಕೆ ಬರದೆ, ಹುಡುಗರ ಹಿಂದೆ ಸಾಲಿನ ಕೊನೆಯಲ್ಲಿ ಹೋಗಿ ನಿಂತುಕೊಂಡ. ತನ್ನ ಸರದಿ ಬಂದಾಗ, ಮುದ್ದೆ ಮಾಡಿ ಅಂಗಿಯ ಜೇಬಿಗೆ ತುರುಕಿದ್ದ ಪೇಪರ್ ಲೋಟವನ್ನು ಬೆರಳಿನಿಂದ ಬಿಡಿಸಿ ಅವಳ ಮುಂದೆ ಒಡ್ಡಿದ.

"ಇನ್ನೊಂದ್ ಒಸಿ ಬುಡವ್ವ," ಅಂದ.

ಸಣ್ಣತಾಯಮ್ಮ ಬಿಂದಿಗೆ ಬಗ್ಗಿಸಿದಳು. ಲೋಟ ತುಂಬಿತು. ಕಂಠಕ್ಕೆ ಬಂದು, ಚೆಲ್ಲಿ, ಒದ್ದೆ ಆರದ ಅವನ ಬೆರಳುಗಳ ಮೇಲೆ ಹರಿದು ಮೊಣಕೈ ತನಕ ಇಳಿಯಿತು. ಚಿಕ್ಕಣ್ಣ ಸಾಕು ಅನ್ನಲಿಲ್ಲ.